ಪುಟ್ಟ ದ್ವೀಪದ ಹೆರಿಗೆ ಮನೆ ಮತ್ತು ಜೆಸ್ಸಿಯ ಲೆಕ್ಕ

ಓಸ್ಲೋ

ನಾರ್ವೆ ದೇಶದಲ್ಲಿ ನಾನು ಮಾಡಿದ ಮೊದಲ ಘನಕಾರ್ಯವೆಂದರೆ ಯಾರದೋ ಹಸುಗೂಸಿಗೆ ಕಾವಲು ನಿಂತದ್ದು. ಓಸ್ಲೋ ಪೇಟೆಯ ಕಾಫಿ ಅಂಗಡಿಯೊಂದರ ಹೊರಗೆ ತಳ್ಳುಗಾಡಿಯಲ್ಲಿ ಒಂದು ಮಗು ಒಂಟಿಯಾಗಿ ನಿದ್ದೆ ಹೋಗಿತ್ತು. ಜೂನ್ ತಿಂಗಳೆಂಬುದು ಹೆಸರಿಗೆ ಮಾತ್ರ, ಗಾಳಿ ಮೂಗನ್ನು ಕೊಯ್ಯುತ್ತಿತ್ತು. ಸುತ್ತ ಒಬ್ಬರೂ ಇಲ್ಲ. ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಯಿತು. ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಗಾಡಿಯ ಪಕ್ಕದಲ್ಲಿ ನಿಂತೇಬಿಟ್ಟೆ.

ಒಳಗಿನಿಂದ ಕಾಫಿ ಹಿಡಿದುಕೊಂಡು ಬಂದ ಜೆಸ್ಸಿಗೆ ನಗು ತಡೆಯಲಿಲ್ಲ. "ಎಂತ ಮೇಡಂ, ಇಲ್ಲಿ ಮಕ್ಕಳನ್ನು ಹೊರಗೆ ಮಲಗಿಸುವುದೇ ಕ್ರಮ. ಒಳ್ಳೆ ಗಾಳಿ ಸಿಗ್ಲಿ ಅಂತ. ತಾಯಿ ಕಿಟಕಿಯ ಹತ್ತಿರವೇ ಕೂತಿದ್ದಾರೆ. ಅಷ್ಟು ಹೊತ್ತಿನಿಂದ ನಿಮ್ಮನ್ನೇ ನೋಡ್ತಾ ಇದ್ದಾರೆ, ಪಾಪ, ಇವರು ಯಾರಪ್ಪ ಅಂತ."

ಕಿಟಕಿಯ ಆಚೆ ಒಬ್ಬಳು ಹುಡುಗಿ ಕಾಫಿ ಲೋಟ ಹಿಡಿದು ಗಾಬರಿಯಿಂದ ನನ್ನನ್ನು ನೋಡುತ್ತಿದ್ದಳು. ನಾನು ಕೈಮುಗಿದೆ. ಅವಳು ನಕ್ಕಳು. ನಾನು ಹುಟ್ಟಿ ಬೆಳೆದ ಕಾಪುವಿನಲ್ಲಿ ಬಾಣಂತಿಯ ಕೋಣೆಯ ಕಿಟಕಿಯನ್ನು ತಿಂಗಳುಗಟ್ಟಲೆ ತೆರೆಯುತ್ತಿರಲಿಲ್ಲ. ಮಗುವಿನ ನೆತ್ತಿಗೆ ಗಾಳಿ ತಾಗಿದರೆ ಅಜ್ಜಿ ಮನೆಯವರನ್ನೆಲ್ಲ ನಡುಗಿಸಿಬಿಡುತ್ತಿದ್ದರು. ಎರಡೂ ಕಡೆ ಮಕ್ಕಳು ಚೆನ್ನಾಗಿಯೇ ಬೆಳೆಯುತ್ತವೆ ಎಂಬುದು ಬೇರೆ ಮಾತು.

ಜೆಸ್ಸಿ ಅಂದರೆ ಜೆಸಿಂತಾ, ನನ್ನ ಹಳೆಯ ವಿದ್ಯಾರ್ಥಿನಿ. ನಾನು ಮಣಿಪಾಲದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತಳಾದವಳು, ಈಗ ಅಲೆವೂರಿನಲ್ಲಿ ಮನೆ. ಅವಳು ಕುಕ್ಕುಂದೂರಿನ ಕೊಂಕಣಿ ಮನೆಯ ಹುಡುಗಿ. ಕಾರ್ಕಳದಿಂದ ಮೊದಲ ಬಸ್ಸು ಹಿಡಿದು, ಒದ್ದೆ ಕೊಡೆಯನ್ನು ಬಾಗಿಲ ಹಿಂದೆ ನಿಲ್ಲಿಸಿ, ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಮದುವೆಯಾಗಿ ಈ ದೇಶಕ್ಕೆ ಬಂದವಳು ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರವನ್ನೇ ಕಲಿಸುತ್ತಿದ್ದಾಳೆ. ಜೊತೆಗೆ, ಶಾಸಕರ ಸಮಿತಿಗಳು ಮಸೂದೆ ಮಾಡುವಾಗ ಅದರೊಳಗಿನ ಲೆಕ್ಕ ಸರಿ ಉಂಟಾ ಎಂದು ನೋಡಿಕೊಡುವ ಕೆಲಸ.

ಆ ಸಂಜೆ ಅವಳಿಗೆ ಬಾಯಿರುಚಿ ಮಾಡಿಕೊಡೋಣ ಎಂದು ಊರಿನಿಂದ ತಂದ ಒಣ ಸಿಗಡಿಯನ್ನು ಬಾಣಲೆಗೆ ಹಾಕಿ ಹುರಿದೆ. ಪರಿಮಳ ಏಳುವಷ್ಟರಲ್ಲಿ ಮಾಡಿನಲ್ಲಿದ್ದ ಹೊಗೆ ಎಚ್ಚರಿಕೆಯ ಗಂಟೆ ಕಿರುಚತೊಡಗಿತು. ಜೆಸ್ಸಿ ಕುರ್ಚಿ ಹತ್ತಿ ಅದಕ್ಕೆ ಟವೆಲಿನಿಂದ ಗಾಳಿ ಹಾಕಿದಳು, ನಾನು ಕಿಟಕಿ ತೆರೆದೆ. ಆಮೇಲೆ ಇಬ್ಬರೂ ಚಟ್ನಿ, ಕುಚ್ಚಲಕ್ಕಿ ಅನ್ನ ಕಲಸಿ ತಿಂದೆವು. ಅವಳ ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆ ಎಂದಳು. ನಾನು ನಂಬಲಿಲ್ಲ.

ಊಟವಾದ ಮೇಲೆ ಈಗಿನ ಕೆಲಸದ ಸಂಗತಿ ಹೇಳಿದಳು. ದೇಶದ ಎಲ್ಲ ಹೆರಿಗೆ ಕೇಂದ್ರಗಳನ್ನು, ಅಲ್ಲಿ ತೀರಿಹೋದ ಶಿಶುಗಳ ಪ್ರಮಾಣ ನೋಡಿ, ಸಾಲಾಗಿ ಪಟ್ಟಿ ಮಾಡಿದ್ದಾರೆ. ಪಟ್ಟಿಯ ಕೆಟ್ಟ ತುದಿಯಲ್ಲಿರುವ ಕೇಂದ್ರಗಳನ್ನು ಮುಚ್ಚಬೇಕು ಎಂದು ಹೊಸ ಮಸೂದೆಯ ಒಂದು ಕಲಮು ಹೇಳುತ್ತದೆ. ಆ ತುದಿಯಲ್ಲಿರುವುದೆಲ್ಲ ಪುಟ್ಟ ಪುಟ್ಟ ದ್ವೀಪಗಳ ಕೇಂದ್ರಗಳೇ. ಅದರಲ್ಲಿ ಒಂದು, ಜೆಸ್ಸಿ ಈ ದೇಶಕ್ಕೆ ಬಂದ ಹೊಸತರಲ್ಲಿ ಇದ್ದ ದ್ವೀಪದ್ದು. ಅವಳ ಮಗಳು ಹುಟ್ಟಿದ್ದೂ ಅಲ್ಲಿಯೇ. ಸಮಿತಿ ಆ ದ್ವೀಪಕ್ಕೇ ಹೋಗಿ ಜನರ ಮಾತು ಕೇಳಲಿತ್ತು, ಅಲ್ಲಿ ಜೆಸ್ಸಿಯೂ ಲೆಕ್ಕದ ಮಾತು ಹೇಳಬೇಕಿತ್ತು. ನನ್ನನ್ನೂ ಜೊತೆಗೆ ಕರೆದಳು.

ಇದರಲ್ಲಿ ತಪ್ಪೆಲ್ಲಿ ಎಂದು ನಿಮಗೆ ಅನಿಸಬಹುದು. ನಮ್ಮೂರಿನ ಹತ್ತನೇ ಕ್ಲಾಸಿನ ಫಲಿತಾಂಶವನ್ನು ನೆನೆಸಿಕೊಳ್ಳಿ. ಶೇಕಡಾ ನೂರು ಫಲಿತಾಂಶ ಎಂದು ಗೇಟಿಗೆ ಬ್ಯಾನರ್ ಕಟ್ಟುವ ಶಾಲೆಗಳನ್ನು ನೋಡಿದ್ದೀರಲ್ಲ? ಅದರಲ್ಲಿ ಎಷ್ಟೋ ಶಾಲೆಗಳಲ್ಲಿ ಪರೀಕ್ಷೆಗೆ ಕೂತವರು ಒಂದು ರಿಕ್ಷಾದಲ್ಲಿ ಹಿಡಿಸುವಷ್ಟೇ ಮಕ್ಕಳು. ಮರುವರ್ಷ ಒಬ್ಬ ಹುಡುಗನಿಗೆ ಜ್ವರ ಬಂದು ಫೇಲಾದರೆ ಅದೇ ಶಾಲೆ ಜಿಲ್ಲೆಯಲ್ಲೇ ಕಡೆ. ಮೇಷ್ಟರು ಅವರೇ, ಬೆಂಚುಗಳೂ ಅವೇ. ದೊಡ್ಡ ಶಾಲೆಗೆ ಹೀಗಾಗುವುದಿಲ್ಲ, ಅಲ್ಲಿ ಒಬ್ಬ ಫೇಲಾದದ್ದು ಹೆಡ್‌ಮಾಸ್ಟರಿಗೂ ಗೊತ್ತಾಗುವುದಿಲ್ಲ.

ದೋಣಿಯ ಮೇಲೆ

ವಿಮಾನ ಇಳಿದು, ಬಸ್ಸು ಹಿಡಿದು, ಕೊನೆಗೆ ಬಸ್ಸು ಕಾರುಗಳನ್ನೂ ಹೊಟ್ಟೆಯಲ್ಲಿ ತುಂಬಿಕೊಳ್ಳುವ ದೊಡ್ಡ ದೋಣಿ. ದ್ವೀಪದ ಹೆಸರು ಬೇಡ, ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು.

ದೋಣಿಯಲ್ಲಿ ಕೂತವರು ಯಾರೂ ಯಾರ ಪಕ್ಕದಲ್ಲೂ ಕೂರುವುದಿಲ್ಲ. ಒಂದು ಬೆಂಚಿಗೆ ಒಬ್ಬರು. ನಾನು ಅಭ್ಯಾಸಬಲದಿಂದ ಒಬ್ಬ ಅಜ್ಜನ ಪಕ್ಕ ಕೂತು ಯಾವ ಊರು ಎಂದು ಕೇಳಿದೆ. ಅವರು ಬೆಚ್ಚಿಬಿದ್ದರು. ಆಮೇಲೆ ಸುಧಾರಿಸಿಕೊಂಡು, ತಮ್ಮ ಬುತ್ತಿಯ ಕಾಗದ ಬಿಚ್ಚಿ, ಬ್ರೆಡ್ಡಿನ ಮೇಲಿಟ್ಟ ಕಂದು ಬಣ್ಣದ ಚೀಸಿನ ಚೂರು ಕೊಟ್ಟರು. ನೋಡಲಿಕ್ಕೆ ಥೇಟ್ ನಮ್ಮ ಅಕ್ಕಿ ಬೆಲ್ಲದ ಹಾಲುಬಾಯಿ. ಬಾಯಿಗಿಟ್ಟರೆ ಸಿಹಿಯೂ ಹೌದು, ಉಪ್ಪೂ ಹೌದು. ಬೆಲ್ಲದ ಪಾಕ ಹಿಡಿಸುವವರಿಗೆ ಕೋಪ ಬಂದಿದ್ದಾಗ ಮಾಡಿದ ಹಾಲುಬಾಯಿ ಹೀಗಿರಬಹುದು ಎಂದುಕೊಂಡು ನುಂಗಿದೆ.

ದಡ ಹತ್ತಿರವಾದಂತೆ ಗಾಳಿಯಲ್ಲಿ ಒಂದು ವಾಸನೆ ಬಂತು. ಮರದ ಚಪ್ಪರಗಳಲ್ಲಿ ಸಾಲು ಸಾಲಾಗಿ ಒಣಮೀನು ತೂಗುಹಾಕಿದ್ದರು. ಬೇರೆ ಪ್ರವಾಸಿಗರು ಮೂಗು ಮುಚ್ಚಿಕೊಂಡರು. ನಾನು ಉಸಿರು ಎಳೆದುಕೊಂಡೆ. ಕಣ್ಣು ಮುಚ್ಚಿದರೆ ನಮ್ಮ ಕಡಲ ಬದಿಯ ಹೆಜಮಾಡಿಯೇ.

ಹೆಜಮಾಡಿಗೆ ನಾನು ಪ್ರತಿ ವರ್ಷ ಕ್ಲಾಸನ್ನು ಕರೆದುಕೊಂಡು ಹೋಗುತ್ತಿದ್ದೆ. ದೋಣಿ ಬರುವ ಹೊತ್ತಿಗೆ ನಿಂತು ಬುಟ್ಟಿಯಿಂದ ಕೆಲವು ಬೂತಾಯಿ ಮೀನು ತೆಗೆದು ಉದ್ದ ಅಳೆಯುವುದು, ಅದರಿಂದ ಇಡೀ ಬಲೆಯ ಮೀನಿನ ಅಂದಾಜು ಮಾಡುವುದು. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು ಎಂಬುದನ್ನು ಕಣ್ಣಾರೆ ತೋರಿಸುವ ಉಪಾಯ ಅದು. ಜೆಸ್ಸಿ ಇದ್ದ ವರ್ಷ ಎಲ್ಲರೂ ಅಳೆಯಲು ಶುರುಮಾಡಿದಾಗ ಅವಳು ಮಾತ್ರ ಸುಮ್ಮನೆ ನಿಂತಿದ್ದಳು. "ಮೇಡಂ, ಚಂದದ್ದನ್ನು ಅವರು ಮೇಲೆ ಇಟ್ಟಿರ್ತಾರಲ್ವಾ? ಅಡಿಯದ್ದನ್ನೂ ನೋಡ್ಬೇಡ್ವಾ?" ಎಂದಳು. ಮೀನಿನವರು ಹೊಟ್ಟೆ ಹಿಡಿದು ನಕ್ಕರು. ಬರುವಾಗ ನಮ್ಮ ಕೈಯ ವಾಸನೆಗೆ ಬಸ್ಸಿನ ಕಂಡಕ್ಟರ್ ನಮ್ಮನ್ನೆಲ್ಲ ಹಿಂದಿನ ಸೀಟಿಗೆ ಅಟ್ಟಿದ. ಈಗ ನಮ್ಮ ವಿಭಾಗಕ್ಕೆ ಬೇರೆ ಹೆಸರು ಬಂದಿದೆ, ಮೀನು ಅಳೆಯಲು ಯಾರೂ ಹೋಗುವುದಿಲ್ಲ, ಎಲ್ಲ ಮಾಹಿತಿ ಪರದೆಯ ಮೇಲೇ ಬರುತ್ತದೆ. ಒಳ್ಳೆಯದೇ. ಆದರೂ ಬಸ್ಸು ಹತ್ತಿದರೆ ನಾನು ಈಗಲೂ ಒಮ್ಮೆ ಹಿಂದಿನ ಸೀಟಿನ ಕಡೆ ತಿರುಗಿ ನೋಡುತ್ತೇನೆ.

ಬೆರಿತಳ ಅಡುಗೆಮನೆ

ದ್ವೀಪದಲ್ಲಿ ನಾವು ಉಳಿದದ್ದು ಬೆರಿತ್ ಎಂಬವಳ ಮನೆಯಲ್ಲಿ. ಅಲ್ಲಿಯ ಹೆರಿಗೆ ಕೇಂದ್ರದ ಹಿರಿಯ ಸೂಲಗಿತ್ತಿ ಅವಳು. ಓದಿದ, ಸರ್ಕಾರಿ ಸಂಬಳದ ಸೂಲಗಿತ್ತಿ. ಅಗಲ ಭುಜ, ಕೆಂಪು ಕೈ, ಕಡಿಮೆ ಮಾತು. ಜೆಸ್ಸಿಯ ಮಗಳನ್ನು ಮೊದಲು ಎತ್ತಿಕೊಂಡದ್ದು ಇದೇ ಕೈ. ಪರದೇಶದಲ್ಲಿ ತಾಯಿಯಿಲ್ಲದೆ ಹೆತ್ತ ಹುಡುಗಿಗೆ ಆಗ ಗಂಜಿಯ ಬದಲು ಮೀನಿನ ಸಾರು ಕುಡಿಸಿ ಬಾಣಂತನ ಮಾಡಿದವಳೂ ಅವಳೇ. ಇಬ್ಬರೂ ಅಕ್ಕತಂಗಿಯರ ಹಾಗೆ.

ಬಂದರಿನಿಂದ ಮನೆಗೆ ಕಡಲ ಬದಿಯಲ್ಲಿ ಚಂದದ ಕಾಲುದಾರಿ ಇತ್ತು. ಬೆರಿತ್ ನಮ್ಮನ್ನು ಅದರಲ್ಲಿ ಕರೆದೊಯ್ಯಲಿಲ್ಲ, ಗುಡ್ಡ ಸುತ್ತಿಸಿ ಕರೆದೊಯ್ದಳು. ನನ್ನ ಮೊಣಕಾಲು ಗೊಣಗಿತು. ಬೆರಿತ್ ಮುಂದೆ ಹೋದಾಗ ಜೆಸ್ಸಿ ಮೆಲ್ಲಗೆ ಹೇಳಿದಳು. ಹಿಂದೆ ಒಂದು ಚಳಿಗಾಲದಲ್ಲಿ ಬೆರಿತಳ ಕೈಯಲ್ಲಿ ಒಂದು ಮಗು ಉಳಿಯಲಿಲ್ಲ. ವಿಚಾರಣೆ ಆಯಿತು, ಯಾರ ತಪ್ಪು ಎಂದೂ ಬರಲಿಲ್ಲ. ಆದರೆ ಆ ವರ್ಷದ ಪಟ್ಟಿಯಲ್ಲಿ ಈ ಕೇಂದ್ರ ದೇಶಕ್ಕೇ ಕಡೆಯದಾಯಿತು, ಪೇಪರಿನಲ್ಲೂ ಬಂತು. ಆ ಮಗುವಿನ ಮನೆ ಕಾಲುದಾರಿಯ ಬದಿಯಲ್ಲಿದೆ. ಅಂದಿನಿಂದ ಬೆರಿತ್ ಆ ದಾರಿ ತುಳಿದಿಲ್ಲ.

ಸಂಜೆ ಕಾಫಿಗೆ ಕೂತೆವು. ಸೂರ್ಯ ಮುಳುಗುವ ಯೋಚನೆಯಲ್ಲೇ ಇರಲಿಲ್ಲ. ಬೆರಿತ್ ಇಂಗ್ಲಿಷಿನಲ್ಲಿ, ನನಗೂ ತಿಳಿಯಲಿ ಎಂದು ನಿಧಾನವಾಗಿ ಹೇಳಿದಳು. "ಆ ಚಳಿಗಾಲಕ್ಕಿಂತ ಮೊದಲು ಎಷ್ಟೋ ವರ್ಷ ನಮ್ಮಲ್ಲಿ ಒಂದು ಮಗುವೂ ಹೋಗಿರಲಿಲ್ಲ. ಆಗ ಪಟ್ಟಿಯಲ್ಲಿ ನಾವೇ ಮೊದಲು. ನಾಳೆ ಸಮಿತಿಗೆ ಅದನ್ನು ಹೇಳು, ಜೆಸ್ಸಿ. ನಾವೇ ಅತ್ಯುತ್ತಮ ಎಂದು ಹೇಳು."

ಬೇರೆ ಯಾರಾದರೂ ಆಗಿದ್ದರೆ ಹೌದು ಎನ್ನುತ್ತಿದ್ದರು. ನಮ್ಮ ಜಾತಿಯವರಿಗೆ, ಅಂದರೆ ಸಂಖ್ಯಾಶಾಸ್ತ್ರದವರಿಗೆ, ನಾಲಿಗೆಗೆ ಬೀಗವಿಲ್ಲ. ಜೆಸ್ಸಿ ತಟ್ಟನೆ ಹೇಳಿಬಿಟ್ಟಳು. "ಅದರಿಂದ ಏನೂ ಗೊತ್ತಾಗುವುದಿಲ್ಲ ಬೆರಿತ್. ಇಷ್ಟು ಕಡಿಮೆ ಹೆರಿಗೆ ಆಗುವಲ್ಲಿ ಅದು ಸುಮ್ಮನೆಯೂ ಆಗುತ್ತದೆ."

ಬೆರಿತ್ ಎದ್ದು, ನಾವು ಇನ್ನೂ ಕುಡಿಯುತ್ತಿದ್ದ ಲೋಟಗಳನ್ನು ತೆಗೆದುಕೊಂಡು ಹೋಗಿ ತೊಳೆದಳು. ಒರೆಸಿದ ಮೇಲೆ ಮತ್ತೊಮ್ಮೆ ತೊಳೆದಳು. ಆಮೇಲೆ ಮಲಗುತ್ತೇನೆಂದು ಮೇಲೆ ಹೋದಳು.

ನನಗೆ ತಡೆಯಲಿಲ್ಲ. "ಹೌದಾ, ಒಳ್ಳೆಯದಾಯ್ತು ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟು ಎಂತ ಹೋಗ್ತಿತ್ತು ಮಾರಾಯ್ತಿ?" ಎಂದೆ.

ಜೆಸ್ಸಿಯ ಮುಖ ಚಿಕ್ಕದಾಗಿತ್ತು. "ಗೊತ್ತುಂಟು ಮೇಡಂ. ಹಾಗೆ ಹೇಳ್ಬಾರದಿತ್ತು, ಆ ಹೊತ್ತಿಗೆ ಹೇಳ್ಬಾರದಿತ್ತು. ಆದ್ರೆ ನೀವೇ ಹೇಳಿ. ಕೆಟ್ಟ ವರ್ಷವನ್ನು ನಂಬಬೇಡಿ ಅಂತ ನಾಳೆ ನಾನು ಅವರಿಗೆ ಹೇಳ್ಲಿಕ್ಕುಂಟು. ಒಳ್ಳೆ ವರ್ಷವನ್ನು ಮಾತ್ರ ನಂಬಿ ಅಂತ ಹೇಗೆ ಹೇಳುವುದು?"

ಇದನ್ನು ಅವಳಿಗೆ ಕಲಿಸಿದವಳು ನಾನೇ. ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಅದು ಎಷ್ಟು ಸಲೀಸಾಗಿತ್ತು! ಹಲಗೆಯ ಮೇಲೆ ಬೆರಿತ್ ಇರಲಿಲ್ಲ.

ಶಾಲೆಯ ಆಟದ ಹಾಲ್

ಸಭೆ ನಡೆದದ್ದು ಶಾಲೆಯ ಆಟದ ಹಾಲಿನಲ್ಲಿ. ಗೋಡೆಗೆ ಹತ್ತುವ ಏಣಿ, ಮೂಲೆಯಲ್ಲಿ ಚೆಂಡುಗಳು, ನಡುವೆ ಒಂದು ಮೇಜಿನ ಹಿಂದೆ ಸಮಿತಿಯವರು. ದೇಶದ ಶಾಸಕರು ಎಂದರೆ ನಾನು ಹಾರ, ಜೈಕಾರ, ಕಾರುಗಳ ಸಾಲು ಎಂದುಕೊಂಡಿದ್ದೆ. ಇವರು ಬೆನ್ನಿಗೆ ಚೀಲ ಹಾಕಿಕೊಂಡು ದೋಣಿ ಇಳಿದು ನಡೆದೇ ಬಂದರು, ತಮ್ಮ ಕುರ್ಚಿಗಳನ್ನು ತಾವೇ ಎಳೆದುಕೊಂಡರು. ನನ್ನ ಪಕ್ಕ ಶಾಲೆಯ ಇಂಗ್ಲಿಷ್ ಮೇಷ್ಟರು ಕೂತು ನಡೆಯುವುದನ್ನೆಲ್ಲ ಕಿವಿಯಲ್ಲಿ ಇಂಗ್ಲಿಷಿಗೆ ಹೇಳುತ್ತಿದ್ದರು. ಬೆರಿತ್ ಎಲ್ಲರಿಗಿಂತ ಹಿಂದೆ, ಬಾಗಿಲ ಹತ್ತಿರ ಕೂತಿದ್ದಳು. ಬೆಳಿಗ್ಗೆಯಿಂದ ಅವಳು ಜೆಸ್ಸಿಯೊಡನೆ ಮಾತಾಡಿರಲಿಲ್ಲ.

ಜೆಸ್ಸಿ ಎದ್ದು ಮೊದಲು ಹೇಳಿದ್ದು ಇಷ್ಟು. "ನನ್ನ ಮಗಳು ಇದೇ ಕೇಂದ್ರದಲ್ಲಿ ಹುಟ್ಟಿದ್ದು. ಇದನ್ನು ತಲೆಯಲ್ಲಿಟ್ಟುಕೊಂಡು ನನ್ನ ಮಾತನ್ನು ಕೇಳಿ." ಆಮೇಲೆ ಜೇಬಿನಿಂದ ಒಂದು ಬಟ್ಟೆಯ ಗಂಟು ತೆಗೆದಳು. ನನಗೆ ನಗು ಬಂತು. ಬರುವಾಗ ಕವಡೆ ತನ್ನಿ ಮೇಡಂ ಎಂದು ಅವಳು ಫೋನಿನಲ್ಲಿ ಹೇಳಿದಾಗ, ಪಾಪ, ಊರಿನ ನೆನಪಿಗೆ ಚೌಕಾಬಾರ ಆಡಲಿಕ್ಕಿರಬೇಕು ಎಂದುಕೊಂಡಿದ್ದೆ.

ಸಮಿತಿಯ ಒಬ್ಬೊಬ್ಬರ ಕೈಗೂ ನಾಲ್ಕು ನಾಲ್ಕು ಕವಡೆ ಕೊಟ್ಟು ಮೇಜಿನ ಮೇಲೆ ಎಸೆಯಲು ಹೇಳಿದಳು. ಗಡ್ಡದ ಒಬ್ಬ ಸದಸ್ಯನಿಗೆ ಎಲ್ಲವೂ ಅಂಗಾತ ಬಿದ್ದವು. ಕನ್ನಡಕದ ಒಬ್ಬಳಿಗೆ ಎಲ್ಲವೂ ಬೋರಲು. ಉಳಿದವರದ್ದು ಒಂದೊಂದು ರೀತಿ. "ಇವರನ್ನು ಅತ್ಯುತ್ತಮ ಆಟಗಾರ ಎಂದು ಸನ್ಮಾನ ಮಾಡೋಣವೇ? ಇವರನ್ನು ಆಟದಿಂದ ಹೊರಗೆ ಹಾಕೋಣವೇ?" ಎಂದು ಇಬ್ಬರನ್ನೂ ಒಬ್ಬೊಬ್ಬರಾಗಿ ತೋರಿಸಿ ಕೇಳಿದಳು. ಹಾಲ್ ನಕ್ಕಿತು. ಇನ್ನೊಮ್ಮೆ ಎಸೆಯಲು ಹೇಳಿದಳು. ಗಡ್ಡದವನ ಸೌಭಾಗ್ಯ ಮಣ್ಣುಪಾಲಾಯಿತು. ಆಮೇಲೆ ಎಲ್ಲರ ಕವಡೆಯನ್ನೂ ಒಂದೇ ಬೋಗುಣಿಗೆ ಹಾಕಿ ಅಧ್ಯಕ್ಷೆಯಿಂದ ಮತ್ತೆ ಮತ್ತೆ ಸುರಿಸಿದಳು. ಪ್ರತಿ ಸಲವೂ ಅಂಗಾತ ಬಿದ್ದದ್ದು ಹೆಚ್ಚುಕಡಿಮೆ ಒಂದೇ ಪಾಲು. "ನಿಮ್ಮ ಪಟ್ಟಿಯ ಕೆಟ್ಟ ತುದಿಯಲ್ಲಿ ಸಣ್ಣ ಕೇಂದ್ರಗಳೇ ಇವೆ. ಒಳ್ಳೆಯ ತುದಿಯನ್ನೂ ನೋಡಿ, ಅಲ್ಲಿಯೂ ಸಣ್ಣವೇ ಇವೆ. ನಾಲ್ಕು ಕವಡೆಯವರು ಯಾವಾಗಲೂ ತುದಿಯಲ್ಲೇ ಇರುತ್ತಾರೆ."

ಗಡ್ಡದ ಸದಸ್ಯ ಮುಂದಕ್ಕೆ ಬಾಗಿ ಕೇಳಿದ. "ಸರಿ. ಒಂದೇ ಮಾತಿನಲ್ಲಿ ಹೇಳಿ. ಈ ಊರಿನ ಕೇಂದ್ರ ಒಳ್ಳೆಯದೋ, ಕೆಟ್ಟದ್ದೋ?"

ನಾನು ಹಿಂದೆ ತಿರುಗಿ ನೋಡಿದೆ. ಬೆರಿತ್ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದಳು. ಊರಿಡೀ ಜೆಸ್ಸಿಯ ಬಾಯಿಯನ್ನೇ ನೋಡುತ್ತಿತ್ತು. ಒಳ್ಳೆಯದು ಎಂದುಬಿಡು ಮಗಳೇ ಎಂದು ನಾನೂ ಮನಸ್ಸಿನಲ್ಲೇ ಹೇಳಿಕೊಂಡೆ. ಇಷ್ಟು ವರ್ಷ ಪಾಠ ಮಾಡಿದ ನನಗೇ ಹಾಗನಿಸಿತು.

"ಈ ಪಟ್ಟಿಯಿಂದ ಹೇಳಲು ಬರುವುದಿಲ್ಲ," ಎಂದಳು ಜೆಸ್ಸಿ.

"ನೀವು ಲೆಕ್ಕದವರು ಯಾವಾಗಲೂ ಹೀಗೆಯೇ," ಎಂದು ಅವನು ಪೆನ್ನು ಕೆಳಗಿಟ್ಟ. "ಕಾನೂನು ಮಾಡುವವರು ಹೇಳಲು ಬರುವುದಿಲ್ಲ ಎಂದು ಬರೆಯಲಾದೀತೇ?"

"ಬರೆಯಬೇಡಿ. ಹೇಳಲು ಬರುವಂಥದ್ದೂ ಇದೆ, ಅದನ್ನು ಕೇಳಿ," ಎಂದಳು. "ಎಲ್ಲ ದ್ವೀಪಗಳ ಕೇಂದ್ರಗಳನ್ನೂ ಒಟ್ಟಿಗೆ, ಹಲವು ವರ್ಷಗಳನ್ನೂ ಒಟ್ಟಿಗೆ ಸೇರಿಸಿ ನೋಡಿದರೆ ಸಣ್ಣ ಕೇಂದ್ರಗಳು ಹೇಗಿವೆ ಎಂದು ಹೇಳಬಹುದು. ಇನ್ನೊಂದು. ಇದನ್ನು ಮುಚ್ಚಿದರೆ ಹೆರುವವರು ದೋಣಿ ಹತ್ತಿ ಹೋಗಬೇಕು. ದೋಣಿಯಲ್ಲಿ, ಆಂಬ್ಯುಲೆನ್ಸಿನಲ್ಲಿ ಹುಟ್ಟಿದ ಮಕ್ಕಳು ಈ ಪಟ್ಟಿಯಲ್ಲಿ ಯಾವ ಕೇಂದ್ರದ ಲೆಕ್ಕಕ್ಕೂ ಸೇರಿಲ್ಲ. ನಾನು ಹುಡುಕಿದೆ, ಅವರು ಎಲ್ಲೂ ಇಲ್ಲ. ಮುಚ್ಚುವುದೂ ಬಿಡುವುದೂ ನಿಮ್ಮ ಕೆಲಸ, ಅದಕ್ಕೆ ಜನ ನಿಮ್ಮನ್ನು ಆರಿಸಿದ್ದಾರೆ. ಆ ಮಕ್ಕಳನ್ನು ಎಣಿಸದೆ ಮಾಡಬೇಡಿ ಎನ್ನುವುದಷ್ಟೇ ನನ್ನ ಕೆಲಸ."

ಅಧ್ಯಕ್ಷೆ ಪಕ್ಕದವರೊಡನೆ ಪಿಸುಗುಟ್ಟಿದರು. ದೋಣಿಯಲ್ಲಿ ಹುಟ್ಟಿದವರ ಲೆಕ್ಕ ಬರುವವರೆಗೆ ಆ ಕಲಮನ್ನು ತಡೆಹಿಡಿಯಲು ತಾವು ಹೇಳುವುದಾಗಿ ತಿಳಿಸಿದರು. ಕೇಂದ್ರವನ್ನು ಮುಚ್ಚುವುದಿಲ್ಲ ಎಂದು ಅವರು ಹೇಳಲಿಲ್ಲ. ಈ ಪಟ್ಟಿಯನ್ನು ನೋಡಿ ಮುಚ್ಚುವುದಿಲ್ಲ ಎಂದರು. ಚಪ್ಪಾಳೆ ಬೀಳಲಿಲ್ಲ, ಆ ಊರಿನವರಿಗೆ ಚಪ್ಪಾಳೆಯ ಅಭ್ಯಾಸ ಕಡಿಮೆ. ಯಾರೋ ಕಾಫಿ ಸುರಿಯಲು ಶುರುಮಾಡಿದರು. ಗಡ್ಡದ ಸದಸ್ಯ ಕವಡೆಗಳನ್ನು ಹಿಡಿದುಕೊಂಡು ಒಂದು ಮೂಲೆಯಲ್ಲಿ ಇನ್ನೂ ಎಸೆಯುತ್ತಿದ್ದ.

ಕಡಲ ದಾರಿ

ಹೊರಗೆ ಬಂದಾಗ ಬೆರಿತ್ ಗೋಡೆಗೆ ಒರಗಿ ನಿಂತಿದ್ದಳು. ಜೆಸ್ಸಿ ಅವಳ ಮುಂದೆ ಹೋಗಿ ತಲೆ ತಗ್ಗಿಸಿ ನಿಂತಳು, ಹೋಮ್‌ವರ್ಕ್ ಮಾಡದ ದಿನ ನನ್ನ ಮುಂದೆ ನಿಲ್ಲುತ್ತಿದ್ದ ಹಾಗೆಯೇ.

ಬೆರಿತ್ ಕೇಳಿದಳು. "ಪಟ್ಟಿಯಲ್ಲಿ ನಾವು ಕಡೆಯವರಾದದ್ದು ಆ ಒಂದು ಮಗುವಿನಿಂದ. ಆ ಪಟ್ಟಿಯಿಂದ ಏನೂ ಗೊತ್ತಾಗುವುದಿಲ್ಲ ಎಂದು ನೀನು ಹೇಳಿದೆ. ಹಾಗಾದರೆ ಅದು ನನ್ನಿಂದ ಆದದ್ದಲ್ಲವೇ?"

ಈ ಹುಡುಗಿ ಇಲ್ಲಿಯೂ ಹೇಳಲು ಬರುವುದಿಲ್ಲ ಎಂದುಬಿಟ್ಟರೆ?

ಜೆಸ್ಸಿ ತಲೆ ಎತ್ತಿದಳು. "ಆ ದಿನ ನಾನು ಅಲ್ಲಿರಲಿಲ್ಲ, ಬೆರಿತ್. ಆ ದಿನದ್ದನ್ನು ನಾನು ಹೇಗೆ ಹೇಳಲಿ? ನನಗೆ ಗೊತ್ತಿರುವುದು ಒಂದೇ. ನಿನ್ನ ಜಾಗದಲ್ಲಿ ಯಾರೇ ಇದ್ದಿದ್ದರೂ, ಎಷ್ಟೇ ಚೆನ್ನಾಗಿ ಮಾಡಿದ್ದರೂ, ಒಂದಲ್ಲ ಒಂದು ವರ್ಷ ಅಂಥ ಚಳಿಗಾಲ ಬರುತ್ತಿತ್ತು. ಪಟ್ಟಿ ನಿನ್ನನ್ನು ದೂರಲಿಲ್ಲ. ಪಟ್ಟಿಗೆ ನೀನು ಯಾರೆಂದೇ ಗೊತ್ತಿಲ್ಲ. ನೀನು ಇಷ್ಟು ದಿನ ಅದರ ಮಾತು ಕೇಳಿಕೊಂಡು ಕೂತಿದ್ದೀಯ."

ಬೆರಿತ್ ಅಳಲಿಲ್ಲ. ಮೂಗನ್ನು ಕೈಯ ಹಿಂಬದಿಯಿಂದ ಒರೆಸಿಕೊಂಡಳು. ಜೆಸ್ಸಿಯ ಕೊರಳಪಟ್ಟಿ ಮಡಚಿಕೊಂಡಿತ್ತು, ಅದನ್ನು ಸರಿಮಾಡಿದಳು. ನಡೆಯಿರಿ, ಮನೆಗೆ ಹೋಗೋಣ ಎಂದಳು.

ಗುಡ್ಡದ ದಾರಿ ಎಡಕ್ಕೆ, ಕಡಲ ದಾರಿ ಬಲಕ್ಕೆ. ಅವಳು ಬಲಕ್ಕೆ ತಿರುಗಿದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡು ಹಿಂದೆ ನಡೆದೆವು. ಕಾಪುವಿನ ಬಂಡೆಗಳ ಹಾಗೆಯೇ ಕಪ್ಪು ಬಂಡೆ, ಅದಕ್ಕೆ ಬಡಿಯುವ ಅದೇ ನೀರಿನ ಸದ್ದು. ಊರಿನಲ್ಲೀಗ ಮಳೆ ಹಿಡಿದಿರಬಹುದು ಎಂದು ನೆನಪಾಯಿತು. ನನ್ನನ್ನು ಹೆರಿಸಿದ ಮುದುಕಿ ನಮ್ಮ ಓಣಿಯಲ್ಲಿ ಹೋಗುವಾಗ ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಅಂಗಳಕ್ಕೆ ಓಡಿ ಮಾತಾಡಿಸುತ್ತಿದ್ದದ್ದೂ ನೆನಪಾಯಿತು. ಅಮ್ಮ ಈಗಿಲ್ಲ, ಆ ಮುದುಕಿಯೂ ಇಲ್ಲ. ಆ ಓಣಿಯನ್ನು ಅಷ್ಟು ದೂರದಲ್ಲಿ ನೆನೆದು ನನಗೆ ಅಳು ಬಂತು.

ದಾರಿಯ ಬದಿಯಲ್ಲಿ ಕೆಂಪು ಬಣ್ಣದ ಮನೆ, ಆ ಮಗುವಿನದ್ದೇ. ಬೆರಿತ್ ನಮಗೆ ಗೇಟಿನ ಹತ್ತಿರವೇ ನಿಲ್ಲಲು ಕೈ ಮಾಡಿ, ಒಬ್ಬಳೇ ಹೋಗಿ ಬಾಗಿಲು ತಟ್ಟಿದಳು. ಬಾಗಿಲು ತೆರೆದವಳು ಹಿಟ್ಟಿನ ಕೈಯ ಒಬ್ಬಳು ಹೆಂಗಸು. ಇಬ್ಬರೂ ಹೊಸ್ತಿಲ ಆಚೆ ಈಚೆ ನಿಂತರು. ಗಾಳಿಗೆ ನಮಗೇನೂ ಕೇಳಿಸಲಿಲ್ಲ. ಯಾರ ತುಟಿಯೂ ಹೆಚ್ಚು ಅಲುಗಲಿಲ್ಲ.

ನಮ್ಮ ಕಡೆ ಅಂಗಳದಲ್ಲೇ ನಿಂತು ಮಾತಾಡಿ ಹೋಗುವವರು ಚಪ್ಪಲಿ ಬಿಡುವುದಿಲ್ಲ, ಬನ್ನಿ, ಒಳಗೆ ಬನ್ನಿ ಎಂದ ಮೇಲೆಯೇ ಬಿಡುವುದು. ಆ ದೇಶದಲ್ಲೂ ಅದೇ ಕ್ರಮ ಎಂದು ಜೆಸ್ಸಿ ಹೇಳಿದಳು. ಹೇಳಿ ನನ್ನ ಕೈ ಹಿಡಿದುಕೊಂಡಳು.

ಆ ಹೆಂಗಸು ಬಾಗಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಬೆರಿತ್ ಮೆಟ್ಟಿಲ ಮೇಲೆ ಕೂತು, ಬಗ್ಗಿ, ಬೂಟಿನ ಲೇಸು ಬಿಚ್ಚತೊಡಗಿದಳು.